ನೂರಕ್ಕೆ ಹದಿಮೂರು

ಕೂಡ್ಲೂರಿನ ಕೈಗಾರಿಕಾ ಬಡಾವಣೆ. ಎಡಕ್ಕೆ ಕಾಫಿ ಕ್ಯೂರಿಂಗ್,
ಬಲಕ್ಕೆ ಮೆಣಸು ಚೀಲದ ಗೋದಾಮು, ನಡುವೆ ನಮ್ಮದು.
ಗೇಟಿಗೆ ಬೋರ್ಡಿಲ್ಲ.
ಆ್ಯಂಟೆನಾ ಎಂದು ಬರೆಸಿದ್ದಾಗ ಜನ
ಟಿವಿ ರಿಪೇರಿಗೆ ಬರುತ್ತಿದ್ದರು, ತೆಗೆಸಿದರು.

ನನ್ನ ಕೆಲಸ ಹಾಳೆ.
ಪಿಂಗಾಣಿ ಪುಡಿ, ಗಾಜಿನ ಪುಡಿ, ಅಂಟು ಕಲಸಿ ಹರಡಿದ
ಹಸಿ ಹಾಳೆ. ಅರೆ ಒಣಗಿದ ಹಪ್ಪಳದ ಹಾಗೆ
ಬಾಗುತ್ತದೆ, ಮುರಿಯುವುದಿಲ್ಲ.
ಸೂಜಿಮೊನೆಯಷ್ಟು ತೂತು ಹೊಡೆದು
ತೂತಿಗೆ ಬೆಳ್ಳಿ ತುಂಬಿ, ಮೈಮೇಲೆ ಬೆಳ್ಳಿಯ ಚೌಕ ಬರೆದು
ಎಂಟು ಹಾಳೆ ಒಂದರ ಮೇಲೊಂದಿಟ್ಟು ಒತ್ತಿದರೆ
ಹಾಳೆ ಹೋಗಿ ಬಿಲ್ಲೆ.
ಆಮೇಲೆ ಬೆಂಕಿ.

ಬೆಂಕಿಗೂ ನಮ್ಮಲ್ಲಿ ಒಂದು ಮಿತಿ ಇದೆ.
ಬರಿಯ ಪಿಂಗಾಣಿ ಸಾವಿರದಾರುನೂರು ಡಿಗ್ರಿ ಕೇಳುತ್ತದೆ,
ಬೆಳ್ಳಿ ಒಂಬೈನೂರ ಅರವತ್ತೊಂದಕ್ಕೇ ನೀರು.
ಎರಡೂ ಒಂದೇ ಒಲೆಯಲ್ಲಿ, ಒಂದೇ ಸಲಕ್ಕೆ ಬೇಯಬೇಕು.
ಅದಕ್ಕೇ ಗಾಜು.
ಮದುವೆ ಮಾತಿಗೆ ಎರಡು ಒಕ್ಕದ ನಡುವೆ ನಿಲ್ಲುವ ಅರುವನಂತೆ
ತಾನು ಮೊದಲು ಮೆತ್ತಗಾಗಿ
ಕಾಳು ಕಾಳಿನ ಸಂದಿಗೂ ಹರಿದು
ಎಂಟುನೂರ ಐವತ್ತಕ್ಕೇ ಎಲ್ಲರನ್ನೂ ಒಪ್ಪಿಸುತ್ತದೆ.
ಬೆಳ್ಳಿ ಕೆಂಪಗೆ ಕೂತಿರುತ್ತದೆ, ಕರಗದೆ.

ಬೆಂದದ್ದು ಕುಗ್ಗುತ್ತದೆ. ನೂರಕ್ಕೆ ಹದಿಮೂರು.
ಬರೆಯುವಾಗಲೇ ದೊಡ್ಡದಾಗಿ ಬರೆ
ಎಂದು ಮೊದಲ ದಿನ ದೇಚಮ್ಮ ಹೇಳಿಕೊಟ್ಟಳು.
ಬೆಳೆಯುವ ಮಗುವಿಗೆಂದು ಅಂಗಿಯ ಅಂಚು ಮಡಿಸಿ ಹೊಲಿದಿದ್ದ ನನಗೆ
ಕುಗ್ಗುವುದಕ್ಕೆ ಅಳತೆ ಬಿಡುವುದು
ಕೈಗೆ ಬರಲು ಒಂದು ಮಳೆಗಾಲ ಹಿಡಿಯಿತು.

ಕಕ್ಕಡದ ಒಂದು ರಾತ್ರಿ
ಸುಂಟಿಕೊಪ್ಪದ ಕಡೆ ಮರ ಬಿದ್ದು ಲೈನು ಹೋಯಿತು.
ಮೀಟರಿನಲ್ಲಿ ಎಂಟುನೂರ ನಲವತ್ತು.
ಜನರೇಟರ್ ಕೆಮ್ಮಿತು, ಕೆಮ್ಮಿತು, ಹನ್ನೊಂದು ನಿಮಿಷಕ್ಕೆ ಹಿಡಿಯಿತು.
ಅರೆಬೆಂದಿರಬಹುದೆಂದು ಹೆದರಿ
ಯಾರನ್ನೂ ಕೇಳದೆ ಇಪ್ಪತ್ತು ನಿಮಿಷ ಹೆಚ್ಚು ಕಾಯಿಸಿದೆ.
ಬೆಳಿಗ್ಗೆ ಅಳೆದರೆ
ನೂರಕ್ಕೆ ಹದಿನಾಲ್ಕು.

ಸಂತೆಯಲ್ಲಿ ಮಡಕೆಯನ್ನು ಬೆರಳಗಂಟಿನಿಂದ ತಟ್ಟಿ
ಕಿವಿಗೊಟ್ಟು ಕೊಳ್ಳುತ್ತಾರಲ್ಲ,
ನಮ್ಮ ಮೇಜಿನ ಯಂತ್ರ ಮಾಡುವುದೂ ಅದನ್ನೇ:
ತಟ್ಟುತ್ತದೆ, ಯಾವ ಸ್ವರಕ್ಕೆ ಓಗೊಡುತ್ತೀ ಎಂದು ಕೇಳುತ್ತದೆ.
ಉಪಗ್ರಹ ಕರೆಯುವುದು ಸಾವಿರದೈನೂರ ಎಪ್ಪತ್ತೈದರಲ್ಲಿ.
ನನ್ನ ಬಿಲ್ಲೆಗಳು ಹದಿನೆಂಟು ಮೆಗಾಹರ್ಟ್ಸ್ ಮೇಲೆ ಕೂತು
ಬಾಕಿ ಕೇಳಲು ಬಂದವನ ದನಿ ಕೇಳಿಸದವರ ಹಾಗೆ.
'ಕಿವುಡು' ಎಂದ ಇಂಜಿನಿಯರ್ ಮುದ್ದಯ್ಯ,
ಪೆಟ್ಟಿಗೆಯ ಮೇಲೆ ಬರೆದೂ ಬಿಟ್ಟ.

ಆನೆಗೆ ಕಾಲರ್ ತೊಡಿಸುವವರಿಗೆ ನಾಲ್ಕು ಬೇಕಿತ್ತು,
ಸರಿಯಾದವು ಮೂರೇ ಇದ್ದವು.
ಯಾರು ಕೊಟ್ಟರೋ, ಕಿವುಡರ ಪೆಟ್ಟಿಗೆಯಿಂದ ಒಂದು ಹೋಯಿತು.
(ನಾನೇ.)

ಮೂರು ವಾರಕ್ಕೆ ಮೂರು ಆನೆ ನಕ್ಷೆಯಿಂದ ಮಾಯ.
ನಾಲ್ಕನೆಯದು, ಮಾಲ್ದಾರೆ ಕಡೆಯ ಹೆಣ್ಣಾನೆ,
ಗಂಟೆಗೊಂದು ಚುಕ್ಕಿ ಇಡುತ್ತ ನಡೆಯುತ್ತಿತ್ತು.
ಮುದ್ದಯ್ಯ ಎರಡು ದಿನ ಲೆಕ್ಕ ಹಾಕಿದ, ಊಟಕ್ಕೆ ಏಳಲಿಲ್ಲ.
ವಾಚರ್ ಮಾಸ್ತಿ ಬಂದ, ಬಾಗಿಲಲ್ಲೇ ಚಪ್ಪಲಿ ಬಿಟ್ಟ:
'ಆನೆ ಮೈಮೇಲೆ ಕೆಸರು ಹಾಕ್ಕೊಳ್ತದೆ ಸಾರ್.'

ಅಷ್ಟೇ.
ಹಸಿ ಕೆಸರು ಮೆತ್ತಿದರೆ ಬಿಲ್ಲೆಯ ಸ್ವರ ಇಳಿಯುತ್ತದೆ.
ಹದವಾಗಿ ಬೆಂದವು ಇಳಿದು ಕಿವುಡಾದವು,
ತಪ್ಪಿದ್ದು ಇಳಿದು ಸರಿಗೆ ಬಂತು.
ನನಗೆ ನಗು ಬಂತು. ದೇಚಮ್ಮ ಕಾಲು ತುಳಿದಳು.

ಈಗ ಹೊಸ ನಕ್ಷೆಯಲ್ಲಿ ಎಂಟು ಹಾಳೆಯ ಮೇಲೆ
ಒಂಬತ್ತನೆಯ ಪದರ: ಕೆಸರು.
ಎಷ್ಟು ದಪ್ಪ ಎಂದರು. ಮಾಸ್ತಿ ತೋರುಬೆರಳು ಎತ್ತಿ
ಮೊದಲ ಗೆಣ್ಣಿಗೆ ಹೆಬ್ಬೆರಳ ಉಗುರು ಒತ್ತಿ ತೋರಿಸಿದ.
ಮುದ್ದಯ್ಯ ಸ್ಕೇಲು ತಂದು ಆ ಬೆರಳನ್ನೇ ಅಳೆದ,
ಇಪ್ಪತ್ತನಾಲ್ಕು ಮಿಲಿಮೀಟರ್ ಎಂದು ಬರೆದುಕೊಂಡ.

'ಯಾವ ಕೆರೇದು ಸಾರ್?' ಎಂದ ಮಾಸ್ತಿ ಆಮೇಲೆ.
'ಹೊಳೆ ಕಡೇದು ಕೆಂಪು, ತೋಟದ ಕೆರೇದು ಕಪ್ಪು.
ಎರಡೂ ಒಂದೇ ತೂಕ ಅಲ್ಲ.'

ಒಲೆ ಎಂಬತ್ತಕ್ಕೆ ಇಳಿದಿತ್ತು.
ನಾನು ಬಾಗಿಲು ತೆಗೆಯಲು ಎದ್ದೆ.