ಗವಸು

ಫೋನಿನಲ್ಲಿ ಎಲ್ಲರೂ ಕೇಳುತ್ತಾರೆ:
ಬಿಸಿನೀರು ಬರುತ್ತದೆಯೇ, ಕಾರಿಗೆ ಜಾಗ ಇದೆಯೇ,
ಪಶ್ಚಿಮವಾಹಿನಿ ಎಷ್ಟು ದೂರ.
ರಗ್ಗು ಯಾವಾಗ ಒಗೆದದ್ದು ಎಂದು
ನಾಲ್ಕು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.
ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ.

ಶ್ರೀರಂಗಪಟ್ಟಣದಲ್ಲಿ ನಮ್ಮದು ಮಹಡಿ ಮೇಲೆ ಎರಡು ಕೋಣೆ.
ಒಂದು ದಿನ ಹಕ್ಕಿ ನೋಡಲು ಬಂದವರು,
ಕುತ್ತಿಗೆಗೆ ದುರ್ಬೀನು, ಬೂಟಿನಡಿ ಕೆಸರು;
ಮರುದಿನ ಗಡ್ಡ ಕುರುಚಲಾದವರು,
ಬೂದಿಯ ಕುಡಿಕೆ ಹಿಡಿದು.
ಅದೇ ಮಂಚ.
ಕುಡಿಕೆ ಒಳಗೆ ತರಬೇಡಿ, ಸೀಬೆ ಮರಕ್ಕೆ ಕಟ್ಟಿ
ಎಂದು ಗೇಟಿನಲ್ಲೇ ಹೇಳಿಬಿಡುತ್ತೇನೆ,
ಬಾಡಿಗೆ ಹೇಳುವುದಕ್ಕೂ ಮುಂಚೆ.

ಹಾಸಿಗೆಯ ಲೆಕ್ಕ ಮಾಚಮ್ಮನದು.
ಹತ್ತಕ್ಕೆ ಬಿಟ್ಟವರ ವಾಸನೆ
ಹನ್ನೆರಡಕ್ಕೆ ಬಂದವರ ಮೂಗಿಗೆ ಸಿಗಕೂಡದು,
ನಡುವೆ ಇರುವುದು ಅವಳ ಎರಡು ಕೈ.
ಕಿಟಕಿ ಮುಚ್ಚಿ, ಮೊಬೈಲಿನ ಬೆಳಕು ಬಿಟ್ಟು
ಹೊಲಿಗೆ ಹೊಲಿಗೆಯಲ್ಲೂ ತಿಗಣೆ ಹುಡುಕುತ್ತಾಳೆ,
ಮಗುವಿನ ತಲೆಯಲ್ಲಿ ಹೇನು ನೋಡಿದ ಹಾಗೆ.
ಅರಿಸಿನ, ತೆಂಗಿನೆಣ್ಣೆ, ಮೂತ್ರ, ಬಾಯಿಬಿಟ್ಟು ಹೇಳಲಾಗದ್ದು,
ಒಂದೊಂದಕ್ಕೂ ಒಂದೊಂದು ನೀರು ಅವಳ ಹತ್ತಿರ.
“ರಕ್ತಕ್ಕೆ ತಣ್ಣೀರೇ ಅಕ್ಕೋ,
ಬಿಸೀದು ಸೋಕ್ಸಬ್ಯಾಡಿ, ಕೂತ್ಬುಡ್ತದೆ.”
ರಗ್ಗು ಮಾತ್ರ ನಾನೇ ಬೇಡ ಅಂದಿದ್ದೆ.
ಒಣಗಲು ಎರಡು ದಿನ ಬೇಕು,
ಎರಡು ದಿನ ಅಂದರೆ ಎರಡು ದಿನದ ಬಾಡಿಗೆ.

ಮಡಿ ಎಂದರೆ ನಮ್ಮತ್ತೆಗೆ, ಯಾರೂ ಮುಟ್ಟದ ಸೀರೆ.
ಮಾಚಮ್ಮನಿಗೆ, ಒಗೆದದ್ದು.
ಅಂಚಿಗೆ ಅಂಚು ಕೂಡಿಸಿ ಇಬ್ಬರೂ ಎಳೆದು ಹಿಡಿದು
ದುಪ್ಪಟಿ ಮಡಿಸುವಾಗ ಅನಿಸುತ್ತದೆ ನನಗೆ,
ಮಡಿದವರಿಗೂ ಇದೇ ಮಾತು ಹೇಗೆ ಬಂತೋ.

ಆ ಭಾನುವಾರ ಅರಸೀಕೆರೆ ಕಡೆಯವರು, ಐದು ಜನ.
ಸೂತಕ, ಮಂಚ ಬೇಡ ಎಂದು ಚಾಪೆ ಕೇಳಿ
ನೆಲದಲ್ಲೇ ಮಲಗಿದರು. ಜಾವಕ್ಕೇ ಎದ್ದು ಹೊಳೆಗೆ ಹೋದರು.
ನಾನು ಹೋಗಿ ನೋಡಿದರೆ
ರಗ್ಗು ನೀಟಾಗಿ ಹೊದಿಸಿದೆ, ಎಷ್ಟು ಸಭ್ಯರು.
ಸರಿಸಿದರೆ ಕೆಳಗೆ ದುಪ್ಪಟಿಯ ಇಸ್ತ್ರಿ ಗೆರೆ ಹಾಗೇ ಇದೆ.
ಮಾಚಮ್ಮ ರಜೆ. ಮೋಡ ಬೇರೆ.
ಹನ್ನೆರಡಕ್ಕೆ ಮೈಸೂರಿನ ಇನ್ನೊಂದು ಸಂಸಾರ.
ಯಾರೂ ಮಲಗದ ಹಾಸಿಗೆ ಒಗೆಯುವುದೆಂದರೆ
ಉಣ್ಣದ ಎಲೆ ಎತ್ತಿದ ಹಾಗೆ ಅಂದುಕೊಂಡೆ,
ಅಂಗೈಯಲ್ಲಿ ಒಮ್ಮೆ ಸವರಿದರಾಯಿತು.

ಸವರುತ್ತ ದಿಂಬಿನ ಬಳಿ ಕೈ ನಿಂತಿತು.
ನಡುಮಧ್ಯೆ ಗುಂಡನೆಯ ತಗ್ಗು,
ತಲೆಯಷ್ಟಿಲ್ಲ, ತೆಂಗಿನಕಾಯಿಯಷ್ಟು.
ಸುತ್ತ ಬಳೆಯಂಥ ಬೂದಿಯ ಗೆರೆ.
ರಗ್ಗನ್ನು ಕತ್ತಿನವರೆಗೆ ಎಳೆದಿದ್ದಾರೆ.
ಕುಡಿಕೆಗೂ ಕತ್ತು ಇರುತ್ತದೆ.

ಕಿಟಕಿ ತೆಗೆದು ನೋಡಿದೆ:
ಸೀಬೆ ಮರದಲ್ಲಿ ಅಳಿಲು, ದಾರದ ಗುರುತೂ ಇಲ್ಲ.
ರಾತ್ರಿ ಆ ಚಿಕ್ಕ ಹುಡುಗಿ ಕೆಳಗಿಳಿದು ಬಂದು
“ಆಂಟಿ, ದಪ್ಪ ಹೊದಿಕೆ ಇದೆಯಾ,
ಅಜ್ಜಿಗೆ ಚಳಿ ಆಗೊಲ್ಲ” ಅಂದಿದ್ದಳು.
ಬಂದವರಲ್ಲಿ ಅಜ್ಜಿ ಯಾರೂ ಇರಲಿಲ್ಲ.

ಮೊದಲು ಬಂದದ್ದು ಕೋಪವೇ.
ಬೈಯಲು ಫೋನು ಎತ್ತಿದೆ. ಇಟ್ಟೆ.
ದುಪ್ಪಟಿ, ಗವಸು, ಕೊನೆಗೆ ಆ ರಗ್ಗು.
ತೊಟ್ಟಿಯಲ್ಲಿ ಹಾಕಿ ತುಳಿದೆ.
ಮೊದಲ ನೀರು ಡಿಕಾಕ್ಷನ್, ಎರಡನೆಯದು ಟೀ,
ಮೂರನೆಯದು ಕಬ್ಬಿನಹಾಲು.
ನಾಲ್ಕು ವರ್ಷದ ಅತಿಥಿಗಳೆಲ್ಲ
ಬಚ್ಚಲಲ್ಲಿ ಸುತ್ತಿ ಸುತ್ತಿ ಇಳಿದು ಹೋದರು.
ಸುಲಭಕ್ಕೆ ಹೋದದ್ದು ಬೂದಿಯೊಂದೇ.
ನಮ್ಮವ್ವ ಪಾತ್ರೆ ಉಜ್ಜುತ್ತಿದ್ದದ್ದೇ ಬೂದಿಯಲ್ಲಿ.
ಅದು ಕೊಳೆಯೋ, ಕೊಳೆ ತೆಗೆಯುವುದೋ.

ದಿಂಬನ್ನು ತಾರಸಿಯ ಗೋಡೆಯ ಮೇಲಿಟ್ಟೆ.
ಮೂರು ಗಂಟೆಗೆ ಮೋಡ ಸರಿದು ಬಿಸಿಲು ಬಂತು.
ಮೈಸೂರಿನವರು ಕೋಣೆ ನೋಡಿ
“ಒಂದು ದಿಂಬು ಕಮ್ಮಿ ಇದೆಯಲ್ಲ” ಅಂದರು.
ನನ್ನದಕ್ಕೆ ಹೊಸ ಗವಸು ತೊಡಿಸಿ ಕೊಟ್ಟೆ.

ರಾತ್ರಿ ಅದರ ಮೇಲೆ ನಾನು ಮಲಗಿದೆ.
ಬಿಸಿಲ ವಾಸನೆ.
ನಡುವಿನ ತಗ್ಗು ಇನ್ನೂ ಪೂರ್ತಿ ತುಂಬಿರಲಿಲ್ಲ,
ನನ್ನ ಕಿವಿಗೆ ಸರಿಯಾಗಿ ಕೂತಿತು.