ಕಲ್ಲುಹೂವಿಗೆ ಮೂರು ವರ್ಷ

ಅರ್ಜಿಯ ಏಳನೇ ಕಲಮು ಕೇಳುತ್ತದೆ:
ಮೂರು ವರ್ಷದಲ್ಲಿ ನಿರೀಕ್ಷಿತ ಫಲವೇನು?
ಅಂತರಗಂಗೆ ಬೆಟ್ಟದ ಬಂಡೆಯ ಮೇಲೆ
ನನ್ನ ಕಲ್ಲುಹೂವು
ಮೂರು ವರ್ಷಕ್ಕೆ ಒಂದು ಅಕ್ಕಿಕಾಳಿನಗಲ
ಬೆಳೆದರೆ ಹೆಚ್ಚು.
ಹಾಗಂತ ಬರೆಯಲಾಗುವುದಿಲ್ಲ.

ನಾಡಕಚೇರಿಯ ಆದಾಯ ಪತ್ರ ಇದೆ.
ಗೈಡ್ ಮೇಡಂ ಸಹಿ ಹಾಕಿಯೇ ಮದನಪಲ್ಲಿಯ ಮದುವೆಗೆ ಹೋದರು.
ಹೋದ ವರ್ಷದ ತಿರಸ್ಕಾರ ಎರಡು. ಒಂದರಲ್ಲಿ
‘ಶ್ರೀ ಮುನಿಲಕ್ಷ್ಮಯ್ಯನವರೇ, ವಿಷಾದಿಸುತ್ತೇವೆ.’
ಓದಿ ಹೇಳಿದರೆ ಅಪ್ಪ ನಕ್ಕರು:
“ಆಯಪ್ಪನಿಗೆ ಸಿಗಲಿಲ್ಲ ಬಿಡು,
ನಿನಗಿನ್ನೂ ಏನೂ ಹೇಳಿಲ್ಲವಲ್ಲ.”

ಬಜೆಟ್ ಪುಟ.
ಲೆನ್ಸು ಒಂದು, ಬಸ್ ಚಾರ್ಜು, ಇತರೆ.
ಇತರೆಗೆ ಸಮರ್ಥನೆ ಬೇಕಂತೆ.
ಇತರೆ ಎಂದರೆ ಮಧ್ಯಾಹ್ನದ ಕಡಲೆಕಾಯಿ,
ಕಿತ್ತ ಚಪ್ಪಲಿಯ ಹೊಲಿಗೆ,
ಮೆಟ್ಟಿಲ ಕೋತಿ ಕಸಿದುಕೊಂಡು ಹೋದ
ಮಾರ್ಚ್ ತಿಂಗಳ ಅಳತೆಗಳ ನೋಟ್‌ಬುಕ್ಕು.
‘ಕ್ಷೇತ್ರಕಾರ್ಯದ ಅನಿರೀಕ್ಷಿತ ವೆಚ್ಚ’ ಎಂದು ಬರೆದೆ.

ರಾತ್ರಿ ಒಂಬತ್ತಕ್ಕೆ ಗಡುವು. ಕ್ಲಾಕ್ ಟವರ್ ಹತ್ತಿರ
ನಯಾಜಣ್ಣನ ಜೆರಾಕ್ಸ್ ಅಂಗಡಿಯಲ್ಲಿ
ಸರ್ವರ್ ಸುತ್ತುತ್ತಲೇ ಇದೆ, ಸುತ್ತುತ್ತಲೇ.
ಶಟರ್ ಅರ್ಧ ಇಳಿಸಿ ಕಾದ ಪುಣ್ಯಾತ್ಮ.
‘ಸ್ವೀಕರಿಸಲಾಗಿದೆ’ ಎಂದು ಬಂದಾಗ
ಆರು ನಿಮಿಷ ಬಾಕಿ.

ಆದದ್ದು ನೂರ ನಲವತ್ತೆರಡು, ನನ್ನಲ್ಲಿದ್ದದ್ದು ಅರವತ್ತು.
ಆತ ಲೆಕ್ಕದ ಪುಸ್ತಕ ಬಿಡಿಸಿ
ಟೀ ಅಂಗಡಿಯವನ ಹೆಸರಿನ ಕೆಳಗೆ ಬರೆದುಕೊಂಡ:
ಕಲ್ಲುಹೂ ಮೇಡಂ, ೮೨.
ಯಾವ ಸಮರ್ಥನೆಯನ್ನೂ ಕೇಳಲಿಲ್ಲ.
ತಲೆಯೆತ್ತದೆ ಕೇಳಿದ್ದು ಇಷ್ಟೇ:
“ಬಿರಿಯಾನಿಗೆ ಹಾಕ್ತೀವಲ್ಲ, ಅದೇನಾ?”
ಅದೇ ಅಂದೆ.
“ಮತ್ತೆ ಅದನ್ನೇ ಬರೀಬಾರದಿತ್ತಾ
ಆ ಏಳನೇದಕ್ಕೆ.”