ಕೈ ತೆಗೆದ ಮೇಲೆ

ಅಮ್ಮನ ಸಿನಿಮಾ ಏಳು ನಿಮಿಷ.
ನಾಲ್ಕು ವರ್ಷ ಹಿಡಿಯಿತು.
ತಾಲಿನ್ ಊರಿನಲ್ಲಿ ಕೊಪ್ಲಿ ಟ್ರಾಮಿನ ಕೊನೆಯ ನಿಲ್ದಾಣ,
ಮುಚ್ಚಿಹೋದ ಬೇಕರಿಯ ನೆಲಮಾಳಿಗೆ,
ಹಿಟ್ಟಿನ ವಾಸನೆ ಇನ್ನೂ ಬಿಡದ ಗೋಡೆ.
ಅಲ್ಲಿ ಒಂದು ಮೇಜು, ಎರಡು ದೀಪ, ಒಂದು ಕ್ಯಾಮೆರಾ,
ಮತ್ತೆ ಹೆಲ್ವಿ ಎಂಬ ನನ್ನ ಅಮ್ಮ,
ಮೂಗಿನ ತುದಿಗೆ ಜಾರಿದ ಕನ್ನಡಕ.

ಕಥೆ ಎನ್ನುವಂಥದ್ದೇನಿಲ್ಲ.
ಒಂದು ತಾಯಿಗೊಂಬೆ, ಒಂದು ಮರಿಗೊಂಬೆ.
ತಂತಿಯ ಎಲುಬು, ಉಣ್ಣೆಯ ಮೈ, ಮರದ ತಲೆ.
ಮಗು ಬೆಳೆಯುತ್ತದೆ; ಅಂದರೆ ಅಮ್ಮ
ಐದು ಅಳತೆಯಲ್ಲಿ ಐದು ಗೊಂಬೆ ಮಾಡಿದ್ದಾಳೆ,
ಹಿಂದಿನದರ ಕೋಟು ಬಿಚ್ಚಿ ಮುಂದಿನದಕ್ಕೆ ಹೊಲಿದು.
ಐದನೆಯದು ಬಾಗಿಲು ತೆರೆದು
ಹಿಮದ ಮೇಲೆ ನಡೆದು ಹೋಗುತ್ತದೆ.
ಅಷ್ಟೇ.

ಹಿಮ ಎಂದರೆ ರವೆ.
ಬೆಳಗ್ಗೆ ಹಾಲಿನಲ್ಲಿ ಬೇಯಿಸಿ,
ನಡುವೆ ಗುಳಿ ಮಾಡಿ ಜಾಮ್ ತುಂಬಿ,
"ಉಣ್ಣು ಮಾರೆಟ್, ಟ್ರಾಮ್ ಕಾಯುವುದಿಲ್ಲ" ಎನ್ನುತ್ತಿದ್ದಳಲ್ಲ, ಅದೇ ರವೆ.
ನಾನು ಗಂಟುಗಳನ್ನು ತಟ್ಟೆಯಂಚಿಗೆ ಸರಿಸುತ್ತಿದ್ದೆ.
ಸಿನಿಮಾದ ಹಿಮದಲ್ಲಿ ಒಂದೂ ಗಂಟಿಲ್ಲ.
ಜರಡಿ ಹಿಡಿದಿದ್ದಾಳೆ, ಈಗ.

ಆ ನಡಿಗೆ ಹನ್ನೊಂದು ಸೆಕೆಂಡು.
ಸೆಕೆಂಡಿಗೆ ಹನ್ನೆರಡು ಚಿತ್ರ,
ದಿನವಿಡೀ ದುಡಿದರೆ ಒಂದು ಸೆಕೆಂಡು.
ಹೆಜ್ಜೆ ಹೆಜ್ಜೆಗೂ ಮೇಜಿನಡಿ ತೂರಿ, ಅಂಗಾತ ಮಲಗಿ,
ಹಲಗೆಯ ತೂತಿನಿಂದ ಗೊಂಬೆಯ ಅಂಗಾಲಿಗೆ ತಿರುಪು ಬಿಗಿಯಬೇಕು,
ಇಲ್ಲದಿದ್ದರೆ ಬೀಳುತ್ತದೆ.
ಎದ್ದು, ಮಂಡಿ ಲಟಕೆಂದು, ಇನ್ನೊಂದು ಕಾಲನ್ನು
ಅಕ್ಕಿಕಾಳಿನಷ್ಟು ಮುಂದಿಟ್ಟು,
ತೂತಿನ ಮೇಲೆ ರವೆ ಉದುರಿಸಿ, ಉಸಿರು ಬಿಗಿಹಿಡಿದು
ಕೈ ತೆಗೆಯಬೇಕು.
ಕೈ ಪೂರ್ತಿ ತೆಗೆದ ಮೇಲೆಯೇ ಚಿತ್ರ.
ಅವಳು ಮುಟ್ಟದಿದ್ದರೆ ಅದು ಅಲುಗುವುದಿಲ್ಲ.
ಮುಟ್ಟಿಕೊಂಡೇ ಇದ್ದರೆ ಅದು ನಡೆದಂತಾಗುವುದಿಲ್ಲ.

ಆ ನಡಿಗೆಯ ಒಂಬತ್ತನೆಯ ದಿನ, ಸಂಜೆ, ನಾನು ಹೊರಟೆ.
ಸರಕು ಹಡಗಿನ ಎಂಜಿನ್ ಕೋಣೆ, ಮೂರನೆಯ ಮೆಕ್ಯಾನಿಕ್.
ನೆಲಮಾಳಿಗೆಯ ಮೆಟ್ಟಿಲಲ್ಲಿ ಚೀಲ ಇಟ್ಟು ನಿಂತೆ.
ಅಮ್ಮ ಮೇಜಿನಡಿ ಇದ್ದಳು, ಕಾಲು ಮಾತ್ರ ಕಾಣುತ್ತಿತ್ತು,
ಒಂದು ಕಾಲುಚೀಲ ಹಸಿರು, ಇನ್ನೊಂದು ಕಂದು.
"ಬಾಗಿಲು ಮೆಲ್ಲಗೆ ಹಾಕು," ಅಂದಳು, "ರವೆ ಹಾರುತ್ತದೆ."
ಮೆಲ್ಲಗೆ ಹಾಕಿದೆ.

ಎರಡು ವರ್ಷ ಅದನ್ನೇ
ಡೀಸೆಲ್ ಸದ್ದಿನಲ್ಲಿ ಅಗಿಯುತ್ತಿದ್ದೆ:
ತಬ್ಬಲಿಲ್ಲ. ಈಚೆಗೂ ಬರಲಿಲ್ಲ.
ಕೈಬಿಟ್ಟಳು.

ಮೊನ್ನೆ ಬೋಥ್ನಿಯಾ ಕೊಲ್ಲಿಯ ಮಂಜುಗಡ್ಡೆಯಲ್ಲಿ
ಹಡಗು ಕಚ್ಚಿಕೊಂಡು ನಿಂತಾಗ
ಊಟದ ಕೋಣೆಯ ಟಿವಿಯಲ್ಲಿ ಹಾಕಿದೆವು.
ಅಡುಗೆಯ ಉರ್ಮಾಸ್, ಎಣ್ಣೆಗೈಯ ಇಬ್ಬರು ಹುಡುಗರು, ನಾನು.
ಬಾಗಿಲು ತೆರೆಯಿತು. ಐದನೆಯ ಗೊಂಬೆ ನಡೆಯಿತು.
ಅದರ ಚೀಲ ನನ್ನದಕ್ಕಿಂತ ದೊಡ್ಡದು.
"ಅದೇನು ಅಂಚಿನಲ್ಲಿ?" ಎಂದ ಉರ್ಮಾಸ್, "ಏನೋ ಮಿಂಚಿದ ಹಾಗಾಯಿತು."
ಹಿಂದಕ್ಕೆ ಓಡಿಸಿದೆ. ಒಂದೊಂದೇ ಚಿತ್ರ, ಎಣಿಸುತ್ತ.

ನೂರ ಏಳನೆಯದು.
ಗೊಂಬೆಯ ಬೆನ್ನ ಹಿಂದೆ, ಚೌಕಟ್ಟಿನೊಳಗೆ,
ಒಂದು ಹೆಬ್ಬೆರಳು.
ಉಗುರಿನಡಿ ಅಂಟು, ಗೆಣ್ಣಿಗೆ ಪ್ಲಾಸ್ಟರ್, ತುದಿಯಲ್ಲಿ ರವೆ.

ದಿನಕ್ಕೆ ಹನ್ನೆರಡರಂತೆ
ಮನಸ್ಸಿನಲ್ಲೇ ಭಾಗಿಸಿದೆ. ಇನ್ನೊಮ್ಮೆ ಭಾಗಿಸಿದೆ.

ಒಂದು ಕೂದಲೆಳೆ ಅಡ್ಡ ಬಂದರೆ
ಇಡೀ ದಿನದ ಕೆಲಸವನ್ನೇ ಎಸೆಯುವವಳು ಅವಳು.

"ತಪ್ಪಾಗಿರಬೇಕು," ಎಂದ ಹುಡುಗರಲ್ಲೊಬ್ಬ.
ಇರಬೇಕು, ಎಂದೆ.

ನೂರ ಎಂಟನೆಯದರಲ್ಲಿ ಬೆರಳಿಲ್ಲ.
ಗೊಂಬೆ ಅಕ್ಕಿಕಾಳಿನಷ್ಟು ಮುಂದಿದೆ.

ಅಷ್ಟರಲ್ಲಿ ಮಂಜು ಒಡೆಯುವ ಹಡಗಿನ ಕೂಗು, ಕೆಳಗಿನಿಂದ ಕರೆ.
ಎದ್ದೆ. ಎಂಜಿನ್ ಕೋಣೆಯದು ಕಬ್ಬಿಣದ ಬಾಗಿಲು,
ದಢಾರನೆ ಎಳೆದುಕೊಳ್ಳುವುದೇ ಇಲ್ಲಿ ಎಲ್ಲರ ರೂಢಿ.
ನಾನು ಮೆಲ್ಲಗೆ ಹಾಕಿದೆ.